ಈ ಬೆಳೆ ಮುಗಿಯೋಗಂಟ

ಹುಳಕ್ಕೆ ಹೊಗೆಸೊಪ್ಪು ಆಗಿಬರುವುದಿಲ್ಲ.
ನನಗೆ ಗೊತ್ತಿಲ್ಲದ ಮಾತೇನಲ್ಲ.
ಮೂವತ್ತು ವರ್ಷ ಬೀಡಿ ಸೇದಿದ್ದೇನೆ,
ಮೂವತ್ತು ವರ್ಷವೂ ಹುಳದ ಮನೆ ಹೊಸ್ತಿಲಲ್ಲಿ
ಕೈ ತೊಳೆದು, ಬಾಯಿ ಮುಕ್ಕಳಿಸಿ,
ಅಂಗಿ ಬಿಚ್ಚಿ ಮೊಳೆಗೆ ಹಾಕಿ
ಒಳಗೆ ಕಾಲಿಟ್ಟಿದ್ದೇನೆ.
ಹುಳಕ್ಕೆ ಕೊಟ್ಟ ಮರ್ಯಾದೆ
ನನ್ನ ಎದೆಗೆ ಕೊಟ್ಟಿರಲಿಲ್ಲ, ಅಷ್ಟೆ.

ಶಿಡ್ಲಘಟ್ಟದ ಡಾಕ್ಟರು ಫಿಲಂ ಎತ್ತಿ
ಕಿಟಕಿಯ ಬೆಳಕಿಗೆ ಹಿಡಿದರು.
ನನಗೇನೂ ಕಾಣಲಿಲ್ಲ.
ಅಕ್ಕಯ್ಯಮ್ಮನಿಗೆ ಕಂಡಿತು.
ಬಸ್ಸಿನಲ್ಲಿ ಒಂದು ಮಾತಿಲ್ಲ.
ಮೇಲೂರು ದಾಟಿದ ಮೇಲೆ, ಕಿಟಕಿಯ ಕಡೆ ನೋಡಿಕೊಂಡೇ ಅಂದಳು:
"ನಾಳೆ ಚಾಕಿ ಬತ್ತದೆ.
ಈ ಬೆಳೆ ಮುಗಿಯೋಗಂಟ ಬಿಡು.
ಆಮೇಲೆ ನಿನ್ನಿಷ್ಟ."

ಸಾಯೋಗಂಟ ಬಿಡು ಅಂದಿದ್ದರೆ
ಆಗಲ್ಲ ಹೋಗೇ ಅಂದಿರುತ್ತಿದ್ದೆ.
ಒಂದು ಬೆಳೆ.
ಅದಕ್ಕೇನು ಹೇಳಲಿ?

ಚಾಕಿ ಹುಳ ಎರಡು ಜ್ವರ ಎದ್ದೇ ಬಂದಿದ್ದವು.
ನಾನಿನ್ನೂ ಒಂದಕ್ಕೂ ಕೂತಿರಲಿಲ್ಲ.

ಮೊದಲ ಮೂರು ದಿನ
ಬೆರಳಿಗೆ ಕೆಲಸವಿಲ್ಲ, ತುಟಿಗೆ ಕೆಲಸವಿಲ್ಲ,
ಸುಮ್ಮಸುಮ್ಮನೆ ನಾಯಿಯನ್ನು ಬೈದೆ.
ಸೊಪ್ಪು ಕತ್ತರಿಸಲು ಬರುವ ದ್ಯಾವಕ್ಕ
ಸೆರಗಿನ ಗಂಟು ಬಿಚ್ಚಿ
ಹುರಿದ ಹುಣಸೆ ಬೀಜ ಕೊಟ್ಟಳು.
"ಕಡೀಬೇಡ, ದವಡೇಲಿ ಇಟ್ಕೊ.
ಒಂದು ಬೀಜಕ್ಕೆ ಒಂದು ಸಾಲು ಸೊಪ್ಪು ಕುಯ್ಬೌದು."
ಅವಳ ಗಂಡ ಹೋಗಿ ಹನ್ನೊಂದು ವರ್ಷ.
ಯಾತರಿಂದ ಅಂತ ನಾನು ಕೇಳಲಿಲ್ಲ,
ಅವಳೂ ಹೇಳಲಿಲ್ಲ.

ಟೀ ಅಂಗಡಿ ಪಿಳ್ಳಣ್ಣ ನನ್ನ ಕಂಡೊಡನೆ
ಕಂಬಕ್ಕೆ ನೇತುಹಾಕಿದ ಕಿಡಿಹಗ್ಗ ಆರಿಸಿ
ಬೆಂಚಿನಡಿ ತಳ್ಳುತ್ತಿದ್ದ.
ಬೆಂಕಿ ಎಲ್ಲಯ್ಯಾ ಅಂತ ಗಿರಾಕಿಗಳು ರೇಗಿದರೆ
"ಇರ್ರಪ್ಪ, ಈವಣ್ಣ ಟೀ ಕುಡುದು ಹೋಗ್ಲಿ."
ನಾನು ಬಾಯಿ ಸುಟ್ಟುಕೊಂಡು ಬೇಗ ಕುಡಿಯುತ್ತಿದ್ದೆ.

ಸಂಜೆ ಏಳಕ್ಕೆ ಅಮಾನುಲ್ಲಾನ ಫೋನು.
ನೂಲು ತೆಗೆಸುವವನು, ಬಿಟ್ಟು ಏಳು ವರ್ಷವಾದವನು.
ನಮಸ್ಕಾರವಿಲ್ಲ, ಊಟ ಆಯ್ತಾ ಇಲ್ಲ:
"ಇವತ್ತು?"
"ಇವತ್ತಿಲ್ಲ."
ಕಟ್.

ನಾಲ್ಕನೇ ಜ್ವರಕ್ಕೆ ಹುಳ ಕೂತವು.
ಸೊಪ್ಪು ಮುಟ್ಟದೆ, ತಲೆಯೆತ್ತಿ, ಅಲುಗದೆ,
ಹಳೆಯ ಚರ್ಮದೊಳಗೆ ಏನನ್ನೋ ಹಲ್ಲು ಕಚ್ಚಿ ತಡೆದುಕೊಂಡಂತೆ.
ಸುಣ್ಣ ಉದುರಿಸಿ ಬಾಗಿಲು ಹಾಕಿದೆ.
ಕೆಲಸವಿಲ್ಲದ ದಿನ ಅದು.
ಜಂಗಮಕೋಟೆ ಕ್ರಾಸಿಗೆ ಯಾಕೆ ಹೋದೆ,
ಗಾಡಿಗೆ ಪೆಟ್ರೋಲು ತುಂಬಿಯೇ ಇತ್ತಲ್ಲ.

"ಇವತ್ತು?"
ನಾನು ಸುಮ್ಮನಿದ್ದೆ.
"ಎಷ್ಟು?"
"ಒಂದು."
"ಪೂರ್ತಿನಾ?"
"ಅರ್ಧ."
ಅವನ ಕಡೆ ತಿರುಗಣೆ ತಿರುಗುವ ಸದ್ದು.
"ಹಾಗಾದ್ರೆ ಅರ್ಧ ಬಿಟ್ಟಿದೀಯಲ್ಲಣ್ಣ,
ಆ ಅರ್ಧ ಲೆಕ್ಕಕ್ಕಿಟ್ಕೊ.
ಎಳೆ ಕಡಿದ್ರೆ ಗೂಡು ಬಿಸಾಕ್ತೀವಾ?
ತುದಿ ಹುಡುಕಿ ಮತ್ತೆ ಸೇರಿಸ್ತೀವಿ."

ಹುಳ ಜ್ವರ ಎದ್ದವು.
ರಾತ್ರಿ ಹನ್ನೊಂದರ ಸೊಪ್ಪಿಗೆ ಹೋದಾಗ
ಮನೆಯಿಡೀ ಯಾರೋ ಮೊರದಲ್ಲಿ ಅಕ್ಕಿ ಕೇರುವ ಸದ್ದು.
ಮೊದಲ ಸಲ
ಹಿಪ್ಪುನೇರಳೆಯ ವಾಸನೆ ಹಸಿರಾಗಿ ಮೂಗಿಗೆ ಬಂತು.
ಮೂವತ್ತು ವರ್ಷ ಇದು ಇಲ್ಲೇ ಇತ್ತೇ
ಎಂದು ಅಕ್ಕಯ್ಯಮ್ಮನ ಕೇಳಿದೆ.
"ಏನು?" ಅಂದಳು.
ಅವಳಿಗೆ ಹೇಳಲು ಬರಲಿಲ್ಲ ನನಗೆ.

ಹಣ್ಣಾದವು, ಚಂದ್ರಿಕೆ ಹತ್ತಿದವು, ಕಟ್ಟಿದವು.
ಗೂಡು ಮಾರುಕಟ್ಟೆಯಲ್ಲಿ ರೇಟು ಸಾಧಾರಣ.
ಈಗ ಬೆಳೆ ಮುಗಿದಿದೆ.
ಮುಂದಿನ ಚಾಕಿಗೆ ಹದಿನೈದು ದಿನ.
"ಆಮೇಲೆ ನಿನ್ನಿಷ್ಟ" ಎಂದವಳು
ಆ ಮಾತನ್ನು ಮತ್ತೆ ಎತ್ತಿಲ್ಲ.
ತಟ್ಟೆ ತೊಳೆದು ಬಿಸಿಲಿಗೆ ಒರಗಿಸುತ್ತಿದ್ದಾಳೆ.

ಏಳೂ ಐದು. ಫೋನು ಇನ್ನೂ ಬಂದಿಲ್ಲ.
ಖಾಲಿ ಹುಳದ ಮನೆಗೆ ಬ್ಲೀಚಿಂಗ್ ಹೊಡೆಯಬೇಕು.
ಹೊಸ್ತಿಲಲ್ಲಿ ನಿಂತು, ರೂಢಿಯಂತೆ
ಕೈ ತೊಳೆದೆ, ಅಂಗಿ ಮೊಳೆಗೆ ಹಾಕಿದೆ,
ಬಾಯಿ ಮುಕ್ಕಳಿಸಿದೆ.
ನೀರಿಗೆ
ಬರೀ ನೀರಿನ ರುಚಿ.