ಕುಮೊತ

ಹೆಲ್ಸಿಂಕಿಯ ನಿಘಂಟು ಕಚೇರಿ, ಮೂರನೇ ಮಹಡಿ.
ಹಿಲ್ಕಾಳ ಮೇಜಿನ ಮೇಲೆ ಈ ವಾರ
ಒಂದೇ ಕ್ರಿಯಾಪದ: ಕುಮೊತ.
ಮಗುಚು ಅನ್ನಿ, ಕವುಚು ಅನ್ನಿ.
ಬಕೆಟ್ಟಿನ ನೀರು ಮಣ್ಣಿಗೆ ಸುರಿದರೂ ಕುಮೊತ,
ಮೇಲಿನ ಕೋರ್ಟು ಕೆಳಗಿನದರ ತೀರ್ಪು ರದ್ದು ಮಾಡಿದರೂ ಅದೇ,
ಲೋಟದ ಹೆಂಡವನ್ನು ಒಂದೇ ಗುಟುಕಿಗೆ
ಗಂಟಲಿಗೆ ಎತ್ತಿಬಿಟ್ಟರೂ ಅದೇ.

ಇನ್ನೊಂದು ಅರ್ಥಕ್ಕೆ ಮಾತ್ರ ಉದಾಹರಣೆ ಸಿಕ್ಕಿಲ್ಲ:
ಒಬ್ಬರ ಮಾತು ಸುಳ್ಳೆಂದು ತೋರಿಸಿಕೊಡು.
ತೋರಿಸಿಕೊಡು. ಅದರಡಿ ಎರಡು ಗೆರೆ ಎಳೆದಿದ್ದಾಳೆ.
ಅಲ್ಲ ಅನ್ನಲು ಬಾಯಿ ಸಾಕು,
ಇದಕ್ಕೆ ಕೈ ಬೇಕು.
ಪತ್ರಿಕೆಯವರಿಗೆ ಎಷ್ಟು ಹೇಳಿದರೂ ಅಷ್ಟೇ.
'ಮಂತ್ರಿಗಳು ಆರೋಪವನ್ನು ಮಗುಚಿದರು.'
ಏನು ಮಗುಚಿದರು? ಕೆಮ್ಮಿದರು, ಕಾರು ಹತ್ತಿದರು.
ಅಂಥ ಚೀಟಿಗಳನ್ನೆಲ್ಲ ಹಿಲ್ಕಾ
ಕಸದ ಬುಟ್ಟಿಗೆ, ಹೌದು, ಕುಮೊತ.

ಅಮ್ಮ ಅಲ್ಲ ಅನ್ನುತ್ತಲೇ ಇದ್ದಳು, ಮೂವತ್ತೆಂಟು ವರ್ಷ.
ಚರ್ಚಿನ ಮೆಟ್ಟಿಲಲ್ಲಿ, ಹಾಲಿನ ಡೈರಿಯ ಸಾಲಿನಲ್ಲಿ,
ಸೌನಾದ ಹಬೆಯಲ್ಲಿ ಹೆಂಗಸರ ನಡುವೆ ಬೆತ್ತಲೆ ಕೂತು,
'ನನ್ನ ತಮ್ಮ ಅವತ್ತು ಕುಡಿದಿರಲಿಲ್ಲ.'
ಊರಿನ ಬಾಯಲ್ಲಿ ಮಾತ್ರ ಅಂಗಡಿ ಓಯಿವನ ಚಟಾಕಿ:
ಆರ್ಮಸ್ ಮೊದಲು ಲೋಟ ಮಗುಚಿದ,
ಆಮೇಲೆ ದೋಣಿ ಮಗುಚಿದ.
ಒಂದು ಕ್ರಿಯಾಪದ, ಎರಡು ಕರ್ಮ.
ಹೆಣ ಸಿಗುವ ಮೊದಲೇ ಮಾತು ಸಿಕ್ಕಿತ್ತು.
ಕೇಳಿದವರು ನಕ್ಕರು, ನಕ್ಕದ್ದಕ್ಕೆ ನಂಬಿದರು.
ಅಮ್ಮ ಹೇಳಿದ್ದರಲ್ಲಿ ನಗುವಂಥದ್ದೇನೂ ಇರಲಿಲ್ಲ.

ಸಾಯ್ಮಾ ಸರೋವರದ ದಡ, ಅಕ್ಟೋಬರ್, ಮಧ್ಯಾಹ್ನವೇ ಅರೆಗತ್ತಲೆ.
ಹಿಮ ಬೀಳುವ ಮುಂಚೆ ಎಲ್ಲರ ದೋಣಿಗಳೂ
ದಡದಲ್ಲಿ ಬೋರಲು ಮಲಗುತ್ತವೆ.
ಆರ್ಮಸನದೊಂದು ಮಾತ್ರ
ಇಷ್ಟು ವರ್ಷ ಕೊಟ್ಟಿಗೆಯೊಳಗೆ ಅಂಗಾತ ಇತ್ತು,
ಹೊಟ್ಟೆತುಂಬ ಹಳೆಯ ಬಲೆ, ಬರ್ಚ್ ಸೌದೆ.
ಮುಟ್ಟಗೊಡುತ್ತಿರಲಿಲ್ಲ ಅಮ್ಮ.
ಅಮ್ಮ ಹೋಗಿ ಮೊದಲ ಶರತ್ಕಾಲ.
ಪಕ್ಕದ ಮನೆಯ ತೆರ್ಹೊ ಆ ತುದಿ ಹಿಡಿದ,
ಹಿಲ್ಕಾ ಈ ತುದಿ.
ಹೂಂ ಅಂದ. ಹೂಂ ಅಂದಳು.
ಮಗುಚಿದರು.

ಅಡಿಯಲ್ಲಿ, ಬೆನ್ನುಮರದ ಪಕ್ಕ, ಮೂರನೇ ಹಲಗೆ:
ಗೇಣುದ್ದ ಬಿರುಕು, ಬಿರುಕಿಗೆ ತುರುಕಿದ ಚಿಂದಿ,
ಕಲ್ಲಾದ ಡಾಂಬರು,
ಮೇಲೊಂದು ತಗಡಿನ ತೇಪೆ, ಅರ್ಧ ಕಿತ್ತದ್ದು,
ಒಂಬತ್ತು ಮೊಳೆಯ ತೂತು, ಐದು ಮೊಳೆ.
ತೆರ್ಹೊ ಸಿಳ್ಳೆ ಹಾಕಿದ.
'ಸೋರುತ್ತಿತ್ತು! ಓಯಿವನ ಮಾತು ಮಗುಚಿತಲ್ಲ, ಈಗ?'

ಹಿಲ್ಕಾಳ ಗಂಟಲ ತುದಿಗೆ ಹೌದು ಬಂದಿತ್ತು,
ಮೂವತ್ತೆಂಟು ವರ್ಷದ ಹೌದು.
ಆದರೆ ಹಾಳು ವೃತ್ತಿ, ಬಿಡಬೇಕಲ್ಲ.
ಬಂಡೆಗಳ ನಡುವಿನಿಂದ ಎಳೆದು ತಂದಾಗ
ತಗಡು ಕಿತ್ತಿರಬಹುದು.
ಸೋರುವ ದೋಣಿಯಲ್ಲಿ
ಕುಡಿದವನೂ ಕೂರಬಹುದು.
ಬಿರುಕಿಗೆ ಬಾಯಿದೆ, ಸಾಕ್ಷಿ ಹೇಳುವ ನಾಲಿಗೆಯಿಲ್ಲ.
ಮೊಳೆಯ ತೂತಿಗೆ ಬೆರಳಿಟ್ಟು ಸುಮ್ಮನೆ ನಿಂತಳು.
ಅಮ್ಮ ಯಾಕೆ ಮಗುಚಗೊಡಲಿಲ್ಲ ಎಂಬುದು
ಆಗ ಹೊಳೆಯಿತೋ, ಹೊಳೆದಂತಾಯಿತೋ.

ಓಯಿವ ಈಗ ಆಸ್ಪತ್ರೆಯಲ್ಲಿ ಗಂಜಿ ಕುಡಿಯುತ್ತಾನೆ.
ಆರ್ಮಸ್ ಅಂದರೆ, 'ಯಾರ ಮಗ?' ಅನ್ನುತ್ತಾನೆ.
ತೆರ್ಹೊ ಡಾಂಬರು ಕಾಯಿಸಿ ತಂದು
ಬಾಲದಿಂದ ಮೂತಿಯವರೆಗೆ ಬಳಿಯತೊಡಗಿದ.
'ಆ ಹಲಗೆ ಬಿಡು,' ಅಂದಳು ಹಿಲ್ಕಾ.
'ನೀರು ಕುಡಿಯುತ್ತೆ.'
'ಕುಡಿಯಲಿ.'

ಸೋಮವಾರ ಮೇಜಿನೆದುರು, ಅರ್ಥ ಒಂದು, ಉದಾಹರಣೆ:
ಅಕ್ಟೋಬರಿನಲ್ಲಿ ದೋಣಿಗಳನ್ನು ಮಗುಚಿ ಇಡುತ್ತಾರೆ.
ಇನ್ನೊಂದು ಅರ್ಥಕ್ಕೆ ಯಾರೋ ಭೂಗೋಳದವರು ಕಳಿಸಿದ್ದು ಸಾಕಾಯಿತು:
ಹೊಸ ಅಳತೆಯು ಹಳೆಯ ಲೆಕ್ಕವನ್ನು ಮಗುಚಿತು.
ಸರಿಯಾಗಿದೆ. ಯಾರೂ ಸತ್ತಿಲ್ಲ ಅದರಲ್ಲಿ.
ಉಗುರಿನ ಸಂದಿಯ ಡಾಂಬರು ಇನ್ನೂ ಹೋಗಿಲ್ಲ.
ಚೀಟಿಯ ಅಂಚಿಗೆ ಕಪ್ಪು ಹತ್ತಿತು.
ಬೇರೆ ಚೀಟಿ ತೆಗೆದುಕೊಳ್ಳಲಿಲ್ಲ.