ಸೊಪ್ಪಿನ ತೋಟದ ಲೆಕ್ಕ

ಹದಿನಾರು ಕಡೆ ಅಗೆಯಬೇಕು ಅಂದಳು ತಬಸ್ಸುಮ್,
ಹಾವು ಹರಿದ ಹಾಗೆ, ಸೊಟ್ಟ ಸೊಟ್ಟ.
ಬದುವಿನ ಮಗ್ಗುಲು ಬೇಡ, ತಿಪ್ಪೆ ಇದ್ದ ಜಾಗ ಬೇಡ,
ಬೇವಿನ ನೆರಳು ಬೇಡ.
ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೂ
ಇಷ್ಟು ಬೇಡ ಹೇಳಿರಲಿಲ್ಲ.

ಗೋಣಿ ಹಾಸಿ ಮಣ್ಣು ಸುರಿದೆವು.
ಬೆರಳಲ್ಲಿ ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ,
ನಾಲ್ಕು ಪಾಲು. ಎದುರುಬದುರಿನ ಎರಡು ಚೆಲ್ಲು,
ಉಳಿದದ್ದು ಕಲಸು, ಮತ್ತೆ ನಾಲ್ಕು, ಮತ್ತೆ ಚೆಲ್ಲು.
ಅಣ್ಣತಮ್ಮಂದಿರು ಬೇರೆಯಾದಾಗಲೂ
ಈ ಎರಡೆಕರೆ ಇಷ್ಟು ನ್ಯಾಯವಾಗಿ ಒಡೆದಿರಲಿಲ್ಲ.
ಕೊನೆಗೆ ಉಳಿದ ಅರ್ಧ ಕೆಜಿ ಮಣ್ಣು
ಹೆಸರು, ಸರ್ವೆ ನಂಬರು, ಫೋನ್ ನಂಬರು ಬರೆಸಿಕೊಂಡು
ಶಿಡ್ಲಘಟ್ಟದ ಬಸ್ಸು ಹತ್ತಿತು, ಅವಳ ತೊಡೆಯ ಮೇಲೆ.

ಯಜಮಾನರು ಜಗುಲಿಯಿಂದ ಏಳಲಿಲ್ಲ.
'ನನ್ನ ಕೈಗೆ ಗೊತ್ತು' ಅಂದರು.
ಆ ಕೈ ನನಗೂ ಗೊತ್ತು.
ಮೂವತ್ತು ವರ್ಷ ಸೆರಗಲ್ಲಿ ಯೂರಿಯಾ ಹೊತ್ತು
ಅದರ ಹಿಂದೆಯೇ ನಡೆದವಳು:
ಸಿಟ್ಟಿದ್ದ ದಿನ ಹಿಡಿ ದೊಡ್ಡದು,
ಗೂಡಿಗೆ ರೇಟು ಸಿಕ್ಕಿದ ದಿನ ಇನ್ನೂ ದೊಡ್ಡದು.

ಕಾರ್ಡು ಬಂತು.
ಸಾರಜನಕ: ಹೆಚ್ಚು. ಸತು: ಕಡಿಮೆ.
ಯೂರಿಯಾ ಅರ್ಧ ಸಾಕು, ಅದನ್ನೂ ಐದು ಕಂತು ಮಾಡಿ
ಹನಿ ಪೈಪಿನಲ್ಲಿ, ಬುಡಕ್ಕೆ.

ಹೆಚ್ಚು ಎಲ್ಲಿಂದ ಬಂತು?
ಅವಳು ಬೋರಿನ ನೀರನ್ನೂ ಬಾಟಲಿಗೆ ತುಂಬಿಕೊಂಡಿದ್ದಳು.
ಕೆರೆಗೆ ಪೈಪಿನಲ್ಲಿ ಬಂದ ನೀರು,
ಬೆಂಗಳೂರು ಮಿಂದು, ತೊಳೆದು, ಹೊಯ್ದು, ಸೋಸಿ ಕಳಿಸಿದ್ದು,
ಇಂಗಿ ಇಂಗಿ ನಮ್ಮ ಬೋರಿಗೂ ಇಳಿದಿತ್ತು
ಮಡಿಲಲ್ಲಿ ಗೊಬ್ಬರ ಕಟ್ಟಿಕೊಂಡು.
ಅಷ್ಟು ದೊಡ್ಡ ಊರು ನನ್ನ ತೋಟಕ್ಕೆ
ಬಿಟ್ಟಿ ಯೂರಿಯಾ ಹಾಕುತ್ತಿತ್ತು.
ಅದರ ಮೇಲೆ ನಾನು, ಸೊಸೈಟಿ ಮುಂದೆ ಸಾಲಲ್ಲಿ ನಿಂತು,
ದುಡ್ಡು ಕೊಟ್ಟು.

ಗಿಡ ಉಣ್ಣದೆ ಬಿಟ್ಟದ್ದು ಎಲ್ಲಿಗೆ ಹೋಗುತ್ತೆ, ಕೇಳಿದೆ.
ಒಂದಿಷ್ಟು ಕೆಳಗೆ, ಕುಡಿಯುವ ನೀರಿಗೆ.
ಒಂದಿಷ್ಟು ಮೇಲೆ.
ಮಳೆ ಬಿದ್ದು ಮಣ್ಣು ಉಸಿರು ಕಟ್ಟಿದಾಗ ಏಳುವ ಗಾಳಿಯಂತೆ,
ಕಣ್ಣಿಗಿಲ್ಲ, ಮೂಗಿಗಿಲ್ಲ,
ಇಂಗಾಲದ ಹೊಗೆಗಿಂತ ಇನ್ನೂರೆಪ್ಪತ್ತು ಪಟ್ಟು
ಬಿಸಿ ಹಿಡಿದಿಡುತ್ತದಂತೆ,
ಒಮ್ಮೆ ಮೇಲೆ ಹೋದರೆ ನೂರು ವರ್ಷ ಇಳಿಯುವುದಿಲ್ಲವಂತೆ.
ಹೆಸರು ನಗೆ ಅನಿಲ.
ಹಲ್ಲು ಕೀಳುವ ಡಾಕ್ಟರು ಮೂಗಿಗೆ ಹಿಡಿಯುತ್ತಾರಂತೆ, ಅದೇ.

ಅವತ್ತು ನಿದ್ದೆ ಹತ್ತಲಿಲ್ಲ.
ಮೂವತ್ತು ಮುಂಗಾರು ನನ್ನ ತೋಟ
ಕತ್ತಲಲ್ಲಿ ಒಂದೇ ನಗುತ್ತಿತ್ತೆ?
ಯಾರನ್ನು ನೋಡಿ?

ಅರ್ಧ ಹಾಕಿದೆ. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ,
ದಿನ, ತೂಕ, ಎಷ್ಟನೇ ಸಾಲು.
ಸೊಪ್ಪಿನ ಕಪ್ಪು ಇಳಿದು ಬರಿಯ ಹಸಿರಾಯಿತು.
'ಏನ್ ಪಿಳ್ಳಕ್ಕ, ತೋಟಕ್ಕೆ ಕಾಮಾಲೆಯಾ?'
ದಾರಿಯಲ್ಲಿ ಹೋಗುವವರಿಗೆಲ್ಲ ನಾನೇ ಉತ್ತರ.

ನಾಲ್ಕನೇ ಜ್ವರ ಎದ್ದ ಹುಳ
ಮನೆಯ ಗೋಡೆಯೇ ಮೇಯುತ್ತಿರುವಂತೆ ಮೇದವು.
ಎರಡು ತಟ್ಟೆ ಮಾತ್ರ ಮಂಕು.
ಮೈ ಮೆತ್ತಗೆ, ತಲೆ ಎತ್ತಿ ಸುಮ್ಮನೆ.
ನೋಟ್‌ಬುಕ್ಕು ತೆಗೆದೆ:
ತೆಂಗಿನ ಕಡೆಯ ಎರಡು ಸಾಲಿನ ಸೊಪ್ಪು.
ಹೋಗಿ ನೋಡಿದರೆ ಅಲ್ಲಿ ಎಲೆ ಕಪ್ಪಗೆ,
ನೀರು ತುಂಬಿಕೊಂಡು, ಹಳೆಯ ಕಾಲದ ಹಾಗೆ ಬೀಗುತ್ತಿದೆ.

ಕೇಳಲಿಲ್ಲ. ಸಾರಿಗೆ ಉಪ್ಪು ಹಾಕಲಿಲ್ಲ, ಅಷ್ಟೆ.
ಮುದ್ದೆ ಮುರಿಯುತ್ತ ಅವರೇ ಅಂದರು:
'ಎರಡೇ ಸಾಲು. ಹಸಿದಿರುತ್ತೆ ಅನ್ನಿಸ್ತು.'

ಹಸಿದಿರುತ್ತೆ ಅಂದುಕೊಂಡವರನ್ನು
ಬೈಯುವುದು ಹೇಗೆ?
ಉಪ್ಪಿನ ಡಬ್ಬಿ ಮುಂದಕ್ಕೆ ತಳ್ಳಿದೆ.

ನಡುರಾತ್ರಿ ಮಳೆ ಹಿಡಿಯಿತು.
ಇಬ್ಬರಿಗೂ ಎಚ್ಚರ, ಇಬ್ಬರೂ ಅಲ್ಲಾಡಲಿಲ್ಲ.
ಎಷ್ಟೋ ಹೊತ್ತಿಗೆ ಕೇಳಿದರು,
'ನಗ್ತಾ ಇದೆಯೇನೇ?'
ಕಿವಿಗೊಟ್ಟವಳ ಹಾಗೆ ಸ್ವಲ್ಪ ತಡೆದೆ.
'ಇದೆ. ಮುಗುಳ್ನಗೆ.
ತೆಂಗಿನ ಕಡೆ ಮಾತ್ರ ಸ್ವಲ್ಪ ಜೋರು.'