ಜರಡಿಯ ಕಣ್ಣು

ಮಂಗಳವಾರ ಬೆಳಗ್ಗೆ ಆರಕ್ಕೆ ನೋಡಿದಾಗ
ನಾವು ಮೂರನೆಯವರು.
ಹಲ್ಲುಜ್ಜಿ ಬಂದು ನೋಡಿದರೆ
ನಲವತ್ತೊಂದು.

ಕುಶಾಲನಗರದ ಬಸ್ ನಿಲ್ದಾಣದ ಹಿಂದೆ
ಟೈರ್ ಅಂಗಡಿಯ ಮಹಡಿಯಲ್ಲಿ ನನ್ನ ಕೋಣೆ.
ಹನ್ನೊಂದು ಹೋಂಸ್ಟೇ, ಎರಡು ಜೇನು, ಒಬ್ಬರು ದಂತವೈದ್ಯರು,
ಇಷ್ಟು ವೆಬ್‌ಸೈಟುಗಳನ್ನು ಮೇಯಿಸಿಕೊಂಡು ಬದುಕುವವನು.
ಹತ್ತರೊಳಗೆ ಎಲ್ಲರ ಫೋನೂ ಬಂತು,
ದಂತವೈದ್ಯರದು ಎರಡು ಸಲ.

ಸಂಜೆ ಹಂಝನ ಕ್ಯಾಂಟೀನಿನಲ್ಲಿ ಇದೇ ಕಸುಬಿನ ನಾಲ್ವರು.
ಮಡಿಕೇರಿಯಿಂದ ಬೈಕಿನಲ್ಲಿ ಬಂದ ಉತ್ತಯ್ಯ
ಹೆಲ್ಮೆಟ್ ತೆಗೆಯುವ ಮೊದಲೇ ಅಂದ:
ಇಂಡೆಕ್ಸ್ ಬದಲಾಗ್ತಾ ಇದೆ, ಇನ್ನೂ ಮುಗಿದಿಲ್ಲ,
ಮೈಸೂರಲ್ಲಿ ನೋಡಿದರೆ ಒಂದು ಥರ, ಇಲ್ಲಿ ಒಂದು ಥರ.
ಲಿಂಕು ಕೊಂಡವರಿಗೆಲ್ಲ ಪೆಟ್ಟು ಎಂದೆ ನಾನು,
ನಾನು ಕೊಂಡದ್ದನ್ನು ಹೇಳದೆ.
ಫೋಟೋ ಭಾರ ಜಾಸ್ತಿ ಎಂದಳು ಸುಂಟಿಕೊಪ್ಪದ ಜೆಸಿಂತಾ.
ಹುಣ್ಣಿಮೆಗೆ ಸರಿಹೋಗುತ್ತೆ, ಮೇದಪ್ಪ ಅಂದ,
ಹೋದ ಸಲವೂ ಹುಣ್ಣಿಮೆಗೇ ಸರಿಹೋಗಿದ್ದು.
ಯಾರೂ ನಗಲಿಲ್ಲ.

ಹೂಮಳೆಗೆ ಕಾಯುವ ತೋಟದವರ ಹಾಗೆ
ಕತ್ತು ನೀಡಿ ಕೂತಿದ್ದೆವು ಫೋನಿನ ಮೇಲೆ.
ಅವರಿಗಾದರೋ ಮೋಡ ಕಾಣುತ್ತದೆ.

ಜರಡಿ ಬದಲಾಯಿಸಿದರಾ? ಅಮ್ಮ ಕೇಳಿದಳು.
ಇಪ್ಪತ್ತೆರಡು ವರ್ಷ ಕ್ಯೂರಿಂಗ್ ವರ್ಕ್ಸಿನಲ್ಲಿ
ಕಾಫಿಬೀಜ ಆರಿಸಿದ ಕೈ ಅವಳದು:
ಕಪ್ಪು, ಒಡಕು, ಹುಳ ಕೊರೆದದ್ದು.
ಕಣ್ಣು ಎಲ್ಲೋ, ಮಾತು ಎಲ್ಲೋ, ಬೆರಳು ಮಾತ್ರ ಎತ್ತುತ್ತಿತ್ತು.
ಅಲ್ಲಿ ಜರಡಿಯ ಕಣ್ಣಿನ ಅಳತೆ ಗೋಡೆಗೆ ಬರೆದಿತ್ತು,
ಉದುರಿದ ಬೀಜಕ್ಕೂ ಒಂದು ಹೆಸರು, ಒಂದು ಮೂಟೆ,
ಕಮ್ಮಿಯಾದರೂ ಒಂದು ದರ.
ಹೌದಮ್ಮ, ಬದಲಾಯಿಸಿದರು.
ಕಣ್ಣು ಎಷ್ಟಂತೆ?
ಹೇಳಲ್ಲ.
ಹೇಳದೆ ಮತ್ತೆ, ಬೀಜ ಏನು ಮಾಡಬೇಕು?

ರಾತ್ರಿಯೆಲ್ಲ ಕೂತು ತಿದ್ದಿದೆ.
'ಹೊಳೆಗೆ ಐದೇ ನಿಮಿಷ', ಅದು ಜೀಪಿನಲ್ಲಿ, ಬೇಸಿಗೆಯಲ್ಲಿ.
'ಬಾಲ್ಕನಿಯಿಂದಲೇ ಆನೆ', ತೆಗೆದೆ.
'ಕೊಡಗಿನ ಅತ್ಯುತ್ತಮ' ಒಂದೇ ಪುಟದಲ್ಲಿ ಹತ್ತೊಂಬತ್ತು ಕಡೆ;
ನಾಲ್ಕು ಉಳಿಸಿದೆ,
ಹೆದರಿಕೆಯಾಗಿ ಆರನ್ನು ಮತ್ತೆ ತಂದಿಟ್ಟೆ.

ಗುರುವಾರ ಎಲ್ಲರಿಗಿಂತ ಮೇಲೆ
ನಾಪೋಕ್ಲಿನಾಚೆಯ ಚೋಂದಮ್ಮನ ಹೋಂಸ್ಟೇ.
ಎಂಟು ವರ್ಷದ ಹಿಂದೆ ನಾನೇ ಮಾಡಿ ಮರೆತದ್ದು:
ಒಂದು ಪುಟ, ಅಲುಗಿದ ಒಂದು ಫೋಟೋ, ಒಂದು ನಂಬರು,
ಕೆಳಗೆ ಅವಳು ಹೇಳಿ ಬರೆಸಿದ್ದು,
'ನಾಯಿ ಕಚ್ಚುವುದಿಲ್ಲ. ಏಳರ ಮೇಲೆ ಬರಬೇಡಿ.'
ಹೋಂಸ್ಟೇ ನಿಲ್ಲಿಸಿ ನಾಲ್ಕು ವರ್ಷವಾಯಿತು,
ಅತಿಥಿಗಳ ಕೋಣೆಯಲ್ಲಿ ಈಗ ಕಾಳುಮೆಣಸಿನ ಮೂಟೆ.

ಹಳೆಯದು, ಅದಕ್ಕೇ, ಎಂದ ಉತ್ತಯ್ಯ.
ಚಿಕ್ಕದು, ಅದಕ್ಕೇ, ಮೇದಪ್ಪ.
ಜೆಸಿಂತಾ ಏನೂ ಹೇಳದೆ ಹೋಗಿ
ತನ್ನ ಮೂರು ಸೈಟುಗಳಿಗೆ ಒಂದೊಂದು ನಾಯಿ ಹಾಕಿದಳು.

ಚೋಂದಮ್ಮನ ಫೋನು: ಬೆಳಗಿನಿಂದ ಮೂವತ್ತು ಜನ ಮಗಾ,
ಕೋಣೆ ಇಲ್ಲ ಎಂದರೆ ನಂಬುವುದಿಲ್ಲ,
ಒಬ್ಬಳು ನಾಯಿ ಹೇಗಿದೆ ಅಂದಳು, ಸತ್ತುಹೋಯ್ತು ಅಂದೆ,
ಅವಳು ಅತ್ತಳು, ಈಗ ನಾನೂ.
ಅಳಿಸಿಬಿಡು ಅದನ್ನ.

ಹಳೆಯ ಪಾಸ್‌ವರ್ಡು ಮೂರನೇ ಸಲಕ್ಕೆ ಹತ್ತಿತು.
ಎಲ್ಲರಿಗಿಂತ ಮೇಲೆ, ಬಿಟ್ಟಿ, ನನ್ನ ಕೈಯಲ್ಲಿ.
ಅವಳ ನಂಬರು ಅಳಿಸಿದೆ. ಆ ಜಾಗದಲ್ಲಿ
ನಲವತ್ತೊಂದಕ್ಕಿಳಿದವರ ನಂಬರು ಹೊಡೆಯತೊಡಗಿದೆ,
ಒಂಬತ್ತು ಅಂಕಿ ಆಗಿತ್ತು.

ಅಡುಗೆಮನೆಯಲ್ಲಿ ಅಮ್ಮ ಅಕ್ಕಿ ಆರಿಸುತ್ತಿದ್ದಳು.
ತಟ್ಟೆಗೆ ಏನೋ ಟಿಣ್ಣೆಂದು ಬಿತ್ತು.
ಕಲ್ಲಾ? ಅಂದೆ.
ಕಲ್ಲೇ, ಅಂದಳು,
ನೋಡದೆ.